ಕಹಳೆಯ ಉಪಮೆಯೂ ಸೀಳು ಅಂಗುಳದ ಮಕ್ಕಳ ಓದೂ

ಶಬ್ದದ ಹುಟ್ಟನ್ನು ವಿವರಿಸುವಾಗ ಕೇಶಿರಾಜನು 13ನೆಯ ಶತಮಾನದ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಕಹಳೆಯ ಉಪಮೆಯನ್ನು ತಂದಿರುವನು. ನಾಭಿಮೂಲದಿಂದೆದ್ದ ಗಾಳಿಯು ಧ್ವನಿಯಾಗಿ ಹೊರಡುವದೆಂಬ ಮಾತು ಸೊಗಸಾದುದೇ. ಕಹಳೆಯೇ ಬಿರುಕು ಬಿಟ್ಟಿದ್ದರೆ ಗತಿಯೇನೆಂದು ವೈಯಾಕರಣನು ಕೇಳಲಿಲ್ಲ. ಕವಿಪ್ರಯೋಗವನ್ನು ಲಕ್ಷಿಸಿದವನಿಗೆ ಅದರ ಅಗತ್ಯವೂ ಇರಲಿಲ್ಲ. ನಮ್ಮ ಆಕ್ಷೇಪವಿರುವದು ವರ್ಗಾಕ್ಷರಗಳನ್ನು ಬಾಯಿಪಾಠ ಮಾಡಿಸಿಯೂ ಅವುಗಳೊಳಗಿನ ತಿಳಿವಳಿಕೆಯನ್ನು ಬಳಸದ ಶಾಲಾಪದ್ಧತಿಯ ಮೇಲೆ.

ಪ, ತ, ಕಗಳನ್ನು ನುಡಿಯಲು ಗಾಳಿಯು ಬಾಯಲ್ಲಿ ಒತ್ತರಿಸಿ ನಿಲ್ಲಬೇಕು. ಮೆದು ಅಂಗುಳವು ಮೇಲೆದ್ದು ಮೂಗಿನ ದಾರಿಯನ್ನು ಮುಚ್ಚಬೇಕು. ಅಂಗುಳ ಸೀಳಿದ್ದರೆ ಗಾಳಿ ಮೂಗಿಗೆ ಸೋರುವದು. ಆಗ ‘ಬ’ಕಾರವು ‘ಮ’ಕಾರದತ್ತ, ‘ದ’ಕಾರವು ‘ನ’ಕಾರದತ್ತ ಸರಿಯುವದು. ಕೆಲವು ಮಕ್ಕಳು ‘ಕ’ಕಾರದ ತಡೆಯನ್ನು ಗಂಟಲಲ್ಲಿಯೇ ಒಡ್ಡುವರು. ಸಾಲಿನ ಅಕ್ಷರಗಳು ತಮ್ಮ ಕೊನೆಯ ಅನುನಾಸಿಕದ ಕಡೆಗೆ ಜಾರುತ್ತಿರುವದನ್ನು ಕಿವಿಗೊಟ್ಟು ಕೇಳಿದ ಶಿಕ್ಷಕನಿಗೆ ದೋಷದ ನೆಲೆ ತಾನಾಗಿ ಗೊತ್ತಾದೀತು. ತುಟಿಯಷ್ಟೇ ಸೀಳಿದ್ದಲ್ಲಿ ಈ ತೊಡಕು ಅಷ್ಟಾಗಿ ಇರದು. ಅಂಗುಳ ಸೀಳಿದ ಮಕ್ಕಳಲ್ಲಿ ನಡುಗಿವಿಯೊಳಗೆ ದ್ರವ ನಿಂತು ಕೇಳ್ಮೆ ಮಂದವಾಗುವದೂ ಸಾಮಾನ್ಯ; ಮಾತು ತಡವಾಗುವದಕ್ಕೆ ಅದೂ ಕಾರಣ. (ಬಸುರಿಯು ಗ್ರಹಣಕಾಲದಲ್ಲಿ ಕತ್ತಿ ಹಿಡಿದುದರ ಫಲವೆಂಬ ನಂಬಿಕೆಗೆ ಆಧಾರವಿಲ್ಲ, ಅದು ತಾಯಿಯ ಮೇಲೆ ಹೊರಿಸಿದ ಅನ್ಯಾಯದ ಹೊರೆ.)

ಅಂಗುಳವನ್ನು ಸಾಮಾನ್ಯವಾಗಿ ಮಗುವಿಗೆ ಒಂದು ವರ್ಷದ ಆಸುಪಾಸಿನಲ್ಲಿ ಹೊಲಿಯುವರು. ಧಾರವಾಡದ ಎಸ್.ಡಿ.ಎಂ. ದಂತ ವೈದ್ಯಕೀಯ ಕಾಲೇಜಿನಲ್ಲಿ ಈ ಶಸ್ತ್ರಚಿಕಿತ್ಸೆ ನಡೆಯುತ್ತಿದೆ. ಆದರೆ ಹೊಲಿಗೆಯಿಂದಲೇ ಮಾತು ತಿದ್ದದು. ಅನೇಕರಿಗೆ ಆಮೇಲೆ ತಿಂಗಳುಗಟ್ಟಲೆ ವಾಕ್ಶಿಕ್ಷಣ ಬೇಕು. ರೋಣ, ನರಗುಂದ, ಗಜೇಂದ್ರಗಡಗಳ ಹಳ್ಳಿಯ ಕೂಲಿಕಾರನಿಗೆ ಧಾರವಾಡದ ಒಂದೊಂದು ಪ್ರಯಾಣವೂ ಒಂದೊಂದು ದಿನದ ಕೂಲಿಯ ನಷ್ಟ.

1965ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿಂದ 1972ರಲ್ಲಿ ಕನ್ನಡದ ಉಚ್ಚಾರಣಾ ಪರೀಕ್ಷೆಯೊಂದು ಹೊರಬಂದಿತು. ಅದರ ಉಪಕಾರ ದೊಡ್ಡದು. ಆದರೆ ಪರೀಕ್ಷಿಸುವವರು ಮೈಸೂರಿನ ನುಡಿಯನ್ನೇ ಅಳತೆಗೋಲಾಗಿ ಹಿಡಿದರೆ, ‘ಮನೆ’ಯನ್ನು ‘ಮನಿ’ ಎನ್ನುವ, ‘ಭಾಷೆ’ಯ ಮಹಾಪ್ರಾಣವನ್ನು ಬಿಡುವ ರೋಣದ ಮಗುವಿನ ಮೇಲೆ ಇಲ್ಲದ ದೋಷವನ್ನು ಹೊರಿಸಿದಂತಾಗುವದು. ನಾಡನುಡಿ ಬೇರೆ, ಅಂಗುಳದ ಸೋರಿಕೆ ಬೇರೆ.

ಇದಕ್ಕಿಂತ ಹೆಚ್ಚಿನ ಹಾನಿ ಗಟ್ಟಿಯಾಗಿ ಓದಿಸುವ ಪರೀಕ್ಷೆಯದು. ‘ಬಸವ’ ಎಂಬುದನ್ನು ಮೂಗಿನಲ್ಲಿ ಓದಿದ ಬಾಲಕನು ಅಕ್ಷರವನ್ನು ಗುರುತಿಸಿರಬಹುದು. ನಾವು ಅವನನ್ನು ‘ಓದಲು ಬಾರದವನು’ ಎಂದು ಬರೆದುಬಿಡುವೆವು. ಈ ಮಕ್ಕಳಲ್ಲಿ ಕೆಲವರಿಗೆ ಓದಿನ ತೊಡಕು ನಿಜವಾಗಿಯೂ ಇರುವದುಂಟು. ಅದನ್ನು ಬಾಯಿಯ ತೊಡಕಿನಿಂದ ಬೇರ್ಪಡಿಸಲು ಪದವನ್ನು ಬೆರಳಿನಿಂದ ತೋರಿಸಲು, ಚಿತ್ರಕ್ಕೆ ಹೊಂದಿಸಲು, ಕೇಳಿದುದನ್ನು ಬರೆಯಲು ಹೇಳಿದರಾಯಿತು. ಅದಕ್ಕೆ ಹಲಗೆ ಬಳಪಗಳಷ್ಟೇ ಸಾಕು.