ಯಾವುದರ ಮೂರನೇ ಒಂದು?

ಭಿನ್ನರಾಶಿಯ ಅಧ್ಯಾಯಕ್ಕೆ ಒಬ್ಬ ರೈತ ಬೇಕೇ ಬೇಕು. ಅವನ ಹೊಲದ 1/2 ಭಾಗದಲ್ಲಿ ಕಬ್ಬು, 1/3 ಭಾಗದಲ್ಲಿ ಗೋವಿನಜೋಳ, ಉಳಿದದ್ದೆಷ್ಟು? ಛೇದಗಳನ್ನು ಸಮ ಮಾಡಿದರೆ 1/6 ಬರುತ್ತದೆ. ಇಂಥ ಲೆಕ್ಕಗಳ ಬಗ್ಗೆ ನನ್ನ ಆಕ್ಷೇಪವಿರುವುದು ಉತ್ತರದಲ್ಲಲ್ಲ. ಯಾವುದರ 1/3 ಎಂದು ಯೋಚಿಸುವ ಪ್ರಸಂಗವೇ ವಿದ್ಯಾರ್ಥಿಗೆ ಬರುವುದಿಲ್ಲ.

ಹುಕ್ಕೇರಿ ತಾಲ್ಲೂಕಿನ ಹತ್ತರಗಿಯ ವಿದ್ಯಾರ್ಥಿಯೊಬ್ಬ ಮನೆಯಲ್ಲಿದ್ದ ಉತಾರವನ್ನು, ಅಂದರೆ ಪಹಣಿಯನ್ನು, ತರಗತಿಗೆ ತಂದನೆಂದುಕೊಳ್ಳಿ. ಒಟ್ಟು ವಿಸ್ತೀರ್ಣ 2.20, ಖರಾಬು 0.10 ಎಂದಿದೆ. ಈ ಚುಕ್ಕೆ ದಶಮಾಂಶ ಬಿಂದುವಲ್ಲ. ಎಕರೆಯನ್ನೂ ಗುಂಟೆಯನ್ನೂ ಬೇರ್ಪಡಿಸುವ ಗುರುತು ಅಷ್ಟೇ. ಎಕರೆಗೆ 40 ಗುಂಟೆ. ಆದ್ದರಿಂದ 2.20 ಎಂದರೆ ಎರಡೂವರೆ ಎಕರೆ, 100 ಗುಂಟೆ. ದಶಮಾಂಶವೆಂದು ಓದಿದರೆ 88 ಗುಂಟೆ ಮಾತ್ರ. ಹೀಗೆ ಕಾಣೆಯಾದ 12 ಗುಂಟೆ ಸಣ್ಣದಲ್ಲ. ಗುಂಟೆಗೆ 1,089 ಚದರ ಅಡಿಯಂತೆ 13,068 ಚದರ ಅಡಿ. 30×40 ಅಡಿಯ ಹತ್ತು ನಿವೇಶನ ಮಾಡಿದರೂ ಮಿಗುತ್ತದೆ. ದಶಮಾಂಶವನ್ನು ಚೆನ್ನಾಗಿ ಕಲಿತ ವಿದ್ಯಾರ್ಥಿಯೇ ಇಲ್ಲಿ ಎಡವುವ ಸಂಭವ ಹೆಚ್ಚೆಂಬುದನ್ನು ಗಮನಿಸಿ.

ಇನ್ನು ಖರಾಬು. ಹಳ್ಳ, ದಾರಿ, ಬಂಡೆಗಳ ಈ 10 ಗುಂಟೆ ಕಳೆದರೆ ಸಾಗುವಳಿಗೆ 90 ಗುಂಟೆ. ಅರ್ಧಕ್ಕೆ ಕಬ್ಬು ಹಚ್ಚಿದರೆ 45 ಗುಂಟೆಯೇ ಹೊರತು 50 ಅಲ್ಲ. ‘ಉಳಿದುದರ 1/3’ ಗೋವಿನಜೋಳವೆಂದರೆ 15 ಗುಂಟೆ, ಮಿಕ್ಕದ್ದು 30. ‘ಸಾಗುವಳಿ ನೆಲದ 1/3’ ಎಂದರೆ ಗೋವಿನಜೋಳ 30, ಮಿಕ್ಕದ್ದು 15. ಒಂದು ಪದ ಬದಲಾದರೆ ಎರಡು ಬೆಳೆಗಳ ಬೀಜ, ಗೊಬ್ಬರದ ಲೆಕ್ಕವೆಲ್ಲ ಬದಲಾಗುತ್ತದೆ.

ಈ ವ್ಯತ್ಯಾಸ ಕನ್ನಡ ನಾಡಿಗೆ ಹೊಸದಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ವು ಇಡೀ ಮೊತ್ತದ ಭಾಗಗಳನ್ನು ಕಳೆಯುವ ಲೆಕ್ಕಗಳನ್ನು ‘ಭಾಗ’ ಎಂದೂ, ಉಳಿದುದರ ಭಾಗಗಳನ್ನು ಮತ್ತೆ ಮತ್ತೆ ಕಳೆಯುವವನ್ನು ‘ಶೇಷ’ ಎಂದೂ ಬೇರೆ ಬೇರೆ ಜಾತಿಗಳಾಗಿ ಹೆಸರಿಸಿದೆ. ನಾವು ಎರಡನ್ನೂ ಒಂದೇ ಅಭ್ಯಾಸದೊಳಗೆ ಸುರಿದು, ಮಕ್ಕಳಿಗೆ ಲೆಕ್ಕ ಬರುವುದಿಲ್ಲವೆಂದು ಕೊರಗುತ್ತೇವೆ!

ಶಿಕ್ಷಕರೇ, ಈ ಹೊಲದ 100 ಗುಂಟೆಯನ್ನು ಮೂವರು ಅಣ್ಣತಮ್ಮಂದಿರಿಗೆ ಹಂಚಲು ಹೇಳಿ ನೋಡಿ. ತಲಾ 33 ಗುಂಟೆ, ಮೇಲೆ 1/3 ಗುಂಟೆ. ಗುಂಟೆಗೆ 16 ಆಣೆಯಾದ್ದರಿಂದ ಅದು 5 1/3 ಆಣೆ. ಅಲ್ಲೂ ಭಿನ್ನರಾಶಿ ಬಿಡುವುದಿಲ್ಲ. ‘ನಾಲ್ಕಾಣೆ ಪಾಲು’ ಎನ್ನುವಾಗಿನ ಆಣೆ ಬೇರೆ, ಅದು ಇಡೀ ಆಸ್ತಿಯ ಹದಿನಾರನೇ ಒಂದು ಎಂಬುದನ್ನೂ ಹೇಳಿಬಿಡಿ. ಆಮೇಲೆ ಆಟದ ಬಯಲಿನಲ್ಲಿ ಹಗ್ಗ ಹಿಡಿದು 33 ಅಡಿಯ ಚೌಕ ಹಾಕಿಸಿ. ಅದೇ ಒಂದು ಗುಂಟೆ. ಹಳೆಯ ಮೋಜಣಿ ಸರಪಳಿಯ ಉದ್ದವೂ 33 ಅಡಿಯೇ. ಒಂದು ಬದಿಯಿಂದ 11 ಅಡಿ ಅಳೆದು ಗೆರೆ ಎಳೆದರೆ 1/3 ಗುಂಟೆ, 363 ಚದರ ಅಡಿ, ಕಾಲಡಿಯಲ್ಲೇ ಇರುತ್ತದೆ.