ಸ್ವರಲಿಪಿ ಮತ್ತು ಚಿತ್ರಫಲಕ: ಸಂಗ್ರಹಕ್ರಮದ ವಿಮರ್ಶೆ

ಮಂಡ್ಯ ತಾಲ್ಲೂಕಿನ ಬಸರಾಳಿನ ಮಲ್ಲಿಕಾರ್ಜುನ ದೇವಾಲಯವು ಕ್ರಿ.ಶ. 1234ರಲ್ಲಿ, ಹೊಯ್ಸಳ ಇಮ್ಮಡಿ ನರಸಿಂಹನ ಆಳ್ವಿಕೆಯಲ್ಲಿ, ಹರಿಹರ ದಂಡನಾಯಕನಿಂದ ನಿರ್ಮಿತವಾಯಿತು. ಅದರ ಭಿತ್ತಿಯ ನೃತ್ಯಶಿಲ್ಪಗಳ ಮುದ್ರಿತ ಚಿತ್ರವು ಅಂಗಭಂಗಿಯನ್ನು ತೋರಿಸಬಲ್ಲುದು, ತಾಳವನ್ನು ತಿಳಿಸಲಾರದು. ಆ ಕೊರತೆಗೆ ನೆರವಾಗುವವು ಲಕ್ಷಣಗ್ರಂಥಗಳು. ಜೈನ ಲಾಕ್ಷಣಿಕ ಪಾರ್ಶ್ವದೇವನ ‘ಸಂಗೀತಸಮಯಸಾರ’ವು ದೇಶೀ ಗೀತ, ವಾದ್ಯ, ನೃತ್ಯಗಳನ್ನು ವಿವೇಚಿಸುತ್ತದೆ. ವಿದ್ವಾಂಸರು ಸಾಮಾನ್ಯವಾಗಿ ಆತನನ್ನು ಹದಿಮೂರನೆಯ ಶತಮಾನದ ಆಸುಪಾಸಿನಲ್ಲಿ ಇರಿಸುತ್ತಾರೆ. ಗ್ರಂಥವು 1925ರಲ್ಲಿ ತಿರುವನಂತಪುರದಲ್ಲಿ ಅಚ್ಚಾಯಿತು. ಚಿತ್ರಸಂಪುಟವು ಪುರಾತತ್ತ್ವದ ಕಪಾಟನ್ನೂ ಲಕ್ಷಣಗ್ರಂಥವು ಸಂಸ್ಕೃತದ ಕಪಾಟನ್ನೂ ಸೇರಿ, ಸೂಚಿಯಲ್ಲಿ ಪರಸ್ಪರ ನಿರ್ದೇಶವಿಲ್ಲದಿದ್ದರೆ, ಒಂದು ಇನ್ನೊಂದಕ್ಕೆ ಸಾಕ್ಷಿಯಾಗದು.

ಸ್ವರಲಿಪಿಯ ಗತಿಯೂ ಇಂತೆಯೇ. ಚಿನ್ನಸ್ವಾಮಿ ಮೊದಲಿಯಾರರು 1890ರ ದಶಕದಲ್ಲಿ ದಕ್ಷಿಣದ ಕೃತಿಗಳನ್ನು ಪಾಶ್ಚಾತ್ಯ ರೇಖಾಲಿಪಿಯಲ್ಲಿ ಅಚ್ಚು ಹಾಕಿಸಿದರು. ಸುಬ್ಬರಾಮ ದೀಕ್ಷಿತರ ‘ಸಂಗೀತಸಂಪ್ರದಾಯಪ್ರದರ್ಶಿನಿ’ಯು 1904ರಲ್ಲಿ ಎಟ್ಟಯಾಪುರದಲ್ಲಿ, ತೆಲುಗು ಲಿಪಿಯಲ್ಲಿ, ಗಮಕಚಿಹ್ನೆಗಳೊಡನೆ ಪ್ರಕಟವಾಯಿತು. ಇಂಥವುಗಳ ಸಾಹಿತ್ಯವನ್ನಷ್ಟೇ ಸೂಚಿಯಲ್ಲಿ ದಾಖಲಿಸಿ ಚಿಹ್ನೆಗಳನ್ನು ಉಪೇಕ್ಷಿಸುವುದು, ಕಾಗುಣಿತವನ್ನು ಬಿಟ್ಟು ಓಲೆಯನ್ನು ನಕಲು ಮಾಡಿದಂತೆ.

ಈ ವಿಷಯದಲ್ಲಿ ಮೂಡಬಿದಿರೆಯ ಸಿದ್ಧಾಂತಗ್ರಂಥಗಳೇ ಮೇಲ್ಪಂಕ್ತಿ. ಅಲ್ಲಿಯ ಸಚಿತ್ರ ಓಲೆಗಳಲ್ಲಿ ಬರಹವೂ ವರ್ಣಚಿತ್ರವೂ ಒಂದೇ ಗರಿಯನ್ನು ಹಂಚಿಕೊಂಡಿವೆ. 1939ರಿಂದ ಮುದ್ರಿತವಾದ ಧವಲಾ ಸಂಪುಟಗಳು ಪಾಠವನ್ನು ಲೋಕಕ್ಕೆ ತಂದು ಮಹೋಪಕಾರ ಮಾಡಿದವು. ಆದರೂ ಓಲೆಯ ಅಧ್ಯಯನಕ್ಕೆ ಓಲೆಯೇ ಬೇಕು.

ಆದುದರಿಂದ ಸೂಚಿಕಾರನು ಫಲಕಸಂಖ್ಯೆ, ಚಿಹ್ನಾವಿವರ, ಮುದ್ರಣಸ್ಥಳ, ವರ್ಷ ಇವುಗಳನ್ನು ಪ್ರತ್ಯೇಕವಾಗಿ ನಮೂದಿಸತಕ್ಕದ್ದು. ಮರುರಟ್ಟು ಹಾಕುವಾಗ ಬಿಡಿ ಫಲಕಗಳು ಕಸವಾಗಬಾರದು. ಶ್ರುತಸಂರಕ್ಷಣೆಯೆಂಬುದು ಅಕ್ಷರಸಂರಕ್ಷಣೆ ಮಾತ್ರವಲ್ಲ.