ಮೈಸೂರು ಕೈಹಿಡಿದ ಲಂಡನ್ನಿನ ಒಂದು ಸಂಜೆ

ಇಲ್ಲಿ ವ್ಯಾಖ್ಯಾನಕ್ಕೆ ಎತ್ತಿಕೊಂಡ ಆರು ಸಾಲು ಕವಿತೆಯದಲ್ಲ. ಒಂದು ಸಂಗೀತ ಕಛೇರಿಯ ವಿವರವನ್ನು ನಾನೇ ಸಾಲುಮಾಡಿ ಬರೆದುಕೊಂಡದ್ದು.

*ಮೇ 22, 1950. ರಾಯಲ್ ಆಲ್ಬರ್ಟ್ ಹಾಲ್, ಲಂಡನ್.*

ಹಿಟ್ಲರ್ ಸತ್ತು ಐದು ವರ್ಷವಾಗಿತ್ತು. ಆದರೂ ಕಾಗದದ ಮೇಲೆ ಬ್ರಿಟನ್ನಿಗೂ ಜರ್ಮನಿಗೂ ಯುದ್ಧ ಇನ್ನೂ ಮುಗಿದಿರಲಿಲ್ಲ. ಮುಗಿಯಿತೆಂದು ಬ್ರಿಟನ್ ಸಾರಿದ್ದು 1951ರ ಜುಲೈಯಲ್ಲಿ. ಲಂಡನ್ನಿನ ಹೆಸರಾಂತ ಸಂಗೀತ ಭವನ ಕ್ವೀನ್ಸ್ ಹಾಲ್ 1941ರ ಮೇ ತಿಂಗಳಲ್ಲಿ ಜರ್ಮನ್ ಬಾಂಬುಗಳಿಗೆ ಸುಟ್ಟುಹೋಗಿತ್ತು. ಅದೇ ಊರಿನ ಜನ ಅಂದು ಜರ್ಮನ್ ಹಾಡು ಕೇಳಲು ಬಂದು ಕೂತಿದ್ದರು.

*ರಿಚರ್ಡ್ ಸ್ಟ್ರಾಸ್ ಅವರ ‘ಕೊನೆಯ ನಾಲ್ಕು ಹಾಡುಗಳು’, ಮೊದಲ ಪ್ರದರ್ಶನ.*

1933ರಲ್ಲಿ ನಾಜಿ ಸರ್ಕಾರದ ಸಂಗೀತ ಮಂಡಳಿಗೆ ಅಧ್ಯಕ್ಷರಾದವರು ಸ್ಟ್ರಾಸ್. ಯಹೂದಿ ಸಾಹಿತಿ ಸ್ಟೀಫನ್ ಜ್ವೈಗ್‌ಗೆ ಬರೆದ ಪತ್ರ ಸರ್ಕಾರದ ಕೈಗೆ ಸಿಕ್ಕು 1935ರಲ್ಲಿ ಆ ಪದವಿ ಹೋಯಿತು. ಅವರ ಸೊಸೆಯೂ ಯಹೂದಿ. ಅಂಜಿಕೆ, ಸ್ವಾರ್ಥ, ಮನೆಯವರ ಚಿಂತೆ ಎಲ್ಲ ಕಲೆತ ಬದುಕು ಅದು. ಅದನ್ನು ತೊಳೆದು ಬಿಳಿ ಮಾಡಿ ತೋರಿಸಲು ನನಗೆ ಮನಸ್ಸಿಲ್ಲ. ಈ ಹಾಡುಗಳನ್ನು ಅವರು 1948ರಲ್ಲಿ ಬರೆದರು. ಮೂರಕ್ಕೆ ಹೆರ್ಮನ್ ಹೆಸ್ಸೆಯ ಕವಿತೆ, ಒಂದಕ್ಕೆ ಐಶೆನ್‌ಡಾರ್ಫ್‌ರದು. ಮರುವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು.

*ಗಾಯನ: ಕರ್ಸ್ಟನ್ ಫ್ಲಾಗ್‌ಸ್ಟಾಡ್.*

ಹಿಟ್ಲರನ ಸೇನೆ ತುಳಿದ ನಾರ್ವೆಯ ಮಗಳು. ಅವರ ಗಂಡ ನಾಜಿಗಳ ಜೊತೆ ಕೈಜೋಡಿಸಿದ ಆರೋಪದ ಮೇಲೆ ಬಂಧಿತರಾಗಿ 1946ರಲ್ಲಿ ತೀರಿಹೋದರು. ಆ ಕಳಂಕ ಹೆಂಡತಿಯ ಬೆನ್ನುಹತ್ತಿ ಅಮೆರಿಕದ ಕಛೇರಿಗಳವರೆಗೂ ಹೋಯಿತು.

*ನಿರ್ದೇಶನ: ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್.*

ಆರರಲ್ಲಿ ಇದೇ ಕಠಿಣ ಸಾಲು. ನಾಜಿ ಆಳ್ವಿಕೆ ಮುಗಿಯುವ ಕೆಲವೇ ತಿಂಗಳ ಮೊದಲಿನವರೆಗೂ ಜರ್ಮನಿ ಬಿಡದೆ ಉಳಿದವರು, 1942ರಲ್ಲಿ ಹಿಟ್ಲರನ ಹುಟ್ಟುಹಬ್ಬದ ಮುನ್ನಾದಿನ ಬೀಥೋವನ್‌ನ ಒಂಬತ್ತನೇ ಸಿಂಫನಿ ನಡೆಸಿಕೊಟ್ಟವರು. ಹಲವು ಯಹೂದಿ ಕಲಾವಿದರನ್ನು ಕಾಪಾಡಲು ಹೆಣಗಿದವರೂ ಇವರೇ. 1946ರ ಕೊನೆಯಲ್ಲಿ ನಾಜಿ ನಂಟಿನ ವಿಚಾರಣಾ ಮಂಡಳಿ ಇವರನ್ನು ದೋಷಮುಕ್ತರೆಂದಿತು. ಯಹೂದಿ ಪಿಟೀಲುವಾದಕ ಯೆಹೂದಿ ಮೆನುಹಿನ್ 1947ರಲ್ಲಿ ಇವರ ಜೊತೆ ನುಡಿಸಿದರು. ಆದರೆ 1949ರಲ್ಲಿ, ಸಹಕಲಾವಿದರ ವಿರೋಧದಿಂದ, ಶಿಕಾಗೊದ ಸಿಂಫನಿ ವೃಂದ ಇವರಿಗೆ ಕೊಟ್ಟ ಕರೆಯನ್ನು ಹಿಂತೆಗೆದುಕೊಂಡಿತು. ಮೆನುಹಿನ್ ನಡೆ ದೊಡ್ಡದೆಂದು ನಾನು ನಂಬುತ್ತೇನೆ. ಬೇಡವೆಂದವರ ನೋವಿಗೂ ಅಷ್ಟೇ ತೂಕವಿದೆ; ಕ್ಷಮಿಸು ಎಂದು ಅವರಿಗೆ ಹೇಳುವ ಹಕ್ಕು ಸಂಗೀತಕ್ಕಿಲ್ಲ.

*ವಾದ್ಯವೃಂದ: ಫಿಲ್‌ಹಾರ್ಮೋನಿಯಾ.*

1945ರಲ್ಲಿ ವಾಲ್ಟರ್ ಲೆಗ್ ಕಟ್ಟಿದ ಲಂಡನ್ನಿನ ವೃಂದ. ಇದರ ಮುಖ್ಯ ಹಾರ್ನ್ ವಾದಕ ಡೆನಿಸ್ ಬ್ರೇನ್ ಯುದ್ಧಕಾಲದಲ್ಲಿ ಬ್ರಿಟಿಷ್ ವಾಯುಪಡೆಯ ಬ್ಯಾಂಡಿನಲ್ಲಿದ್ದವರು. ನಾಲ್ಕರಲ್ಲಿ ‘ಸೆಪ್ಟೆಂಬರ್’ ಎಂಬ ಹಾಡು ಮುಗಿಯುವುದು ಹಾರ್ನ್‌ನ ಸ್ವರಗಳಿಂದಲೇ. ಸ್ಟ್ರಾಸ್‌ರ ತಂದೆಯೂ ಮ್ಯೂನಿಕ್‌ನ ಹಾರ್ನ್ ವಾದಕರು. ಎದುರಿಗೆ ನಿಂತವನ ಕೈಯಾಡುವುದನ್ನು ನೋಡದೆ, ಹಾಡುವವಳ ಉಸಿರಿಗೆ ಕಿವಿಗೊಡದೆ ವೃಂದದಲ್ಲಿ ಒಂದು ಸ್ವರವನ್ನೂ ಸರಿಯಾಗಿ ಹಿಡಿಯಲಾಗದು. ಪರಸ್ಪರ ನಂಬಿಕೆ ಹುಟ್ಟಿದ ಮೇಲೆ ನುಡಿಸೋಣ ಎಂದು ಕಾಯ್ದರೆ ಆಗುವುದಿಲ್ಲ. ನುಡಿಸುವಷ್ಟು ಹೊತ್ತು ನಂಬಲೇಬೇಕು.

*ಹಣದ ಹೊಣೆ: ಮೈಸೂರಿನ ಜಯಚಾಮರಾಜ ಒಡೆಯರ್.*

ನಾಲ್ಕು ತಿಂಗಳ ಹಿಂದಷ್ಟೇ ಭಾರತ ಗಣರಾಜ್ಯವಾಗಿತ್ತು. ಅರಸರು ಆಗ ಮೈಸೂರಿನ ರಾಜಪ್ರಮುಖರು, ವಯಸ್ಸು ಮೂವತ್ತು. ಪಿಯಾನೊ ಕಲಾವಿದನಾಗಬೇಕೆಂಬ ಕನಸನ್ನು 1940ರಲ್ಲಿ ತಂದೆಯೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜರೂ ತೀರಿಕೊಂಡು ಸಿಂಹಾಸನ ಹೆಗಲಿಗೆ ಬಂದಾಗ ಕೈಬಿಟ್ಟವರು. ಮುಂದೆ ‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕರ್ನಾಟಕ ಸಂಗೀತ ಕೃತಿಗಳನ್ನು ರಚಿಸಿದವರೂ ಇವರೇ. ಲೆಗ್ ಮೈಸೂರಿಗೆ ಬಂದಾಗ ಫಿಲ್‌ಹಾರ್ಮೋನಿಯಾಕ್ಕೆ ಮೂರು ವರ್ಷ, ವರ್ಷಕ್ಕೆ 10,000 ಪೌಂಡ್ ಕೊಡಲು ಒಪ್ಪಿದರು. ಆ ಸಂಜೆಯ ಪ್ರದರ್ಶನಕ್ಕೆ 4,800 ಡಾಲರಿನ ಖಾತರಿಯನ್ನೂ ಕೊಟ್ಟರು.

ಕೊಟ್ಟವರ ಹೆಸರು ಉಳಿಯುವುದೂ ಉಂಟು. ಕಿತ್ತೂರು ಸೀಮೆಯ ನಮ್ಮ ದೇಗಾಂವದಲ್ಲಿ 12ನೇ ಶತಮಾನದ ಗುಡಿಯೊಂದಿದೆ. ಕಟ್ಟಿಸಿದವಳು ಗೋವೆಯ ಕದಂಬ ಅರಸ ಪೆರ್ಮಾಡಿಯ ರಾಣಿ ಕಮಲಾದೇವಿ. ದೇವರು ಕಮಲನಾರಾಯಣ, ಹೆಸರಿನಲ್ಲೇ ರಾಣಿ ಸೇರಿಕೊಂಡಿದ್ದಾಳೆ. ಲಂಡನ್ನಿನ ಕಛೇರಿಯ ಕತೆ ಹೇಳುವವರು ಮಾತ್ರ ಒಡೆಯರ ಹೆಸರನ್ನು ಎಷ್ಟೋ ಸಲ ಬಿಟ್ಟೇಬಿಡುತ್ತಾರೆ.

ಬಿಡಬಾರದ ಹೆಸರು ಅದು. ಸರ್ಕಾರಗಳು ಕರೆಯುವ ಇಲ್ಲವೇ ಬೆಂಬಲಿಸುವ ವಾದ್ಯವೃಂದಕ್ಕೆ ಸರ್ಕಾರದ ಲೆಕ್ಕಾಚಾರವೂ ಅಂಟಿಕೊಳ್ಳುತ್ತದೆ. 2008ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ಪ್ಯೋಂಗ್‌ಯಾಂಗ್‌ನಲ್ಲಿ ಅಮೆರಿಕ, ಉತ್ತರ ಕೊರಿಯಾ ಎರಡೂ ದೇಶದ ರಾಷ್ಟ್ರಗೀತೆ ನುಡಿಸಿತು, ಕೊರಿಯಾದ ಜನಪದ ಹಾಡು ‘ಅರಿರಾಂಗ್’ ಕೂಡ. ಅದರಿಂದ ಒಪ್ಪಂದವೇ ಹುಟ್ಟೀತೆಂದು ಹಲವರು ಆಶಿಸಿದರು. ಮರುವರ್ಷ ಉತ್ತರ ಕೊರಿಯಾ ಮತ್ತೊಂದು ಅಣುಪರೀಕ್ಷೆ ನಡೆಸಿದಾಗ ಕಛೇರಿಯೇ ಸೋತಂತೆ ಕಂಡಿತು. ಮೈಸೂರಿನ ಹಣ ಯಾವ ಒಪ್ಪಂದವನ್ನೂ ಬೇಡಲಿಲ್ಲ. ಲಂಡನ್ನಿನವರೂ ಜರ್ಮನಿಯವರೂ ಅಲ್ಲದ ಒಬ್ಬರಿಗೆ ಆ ಹಾಡು ಬೇಕಾಗಿತ್ತು, ಅಷ್ಟೇ. ಸಾವಿರಾರು ಮೈಲಿ ದೂರದಲ್ಲಿದ್ದ ಅರಸರು ತಮ್ಮ ಸಂಗ್ರಹಕ್ಕೆಂದು ಆ ಪ್ರದರ್ಶನವನ್ನು ರೆಕಾರ್ಡು ಮಾಡಿಸಿಕೊಂಡರು. ಆ ಸಂಜೆಯ ಮುದ್ರಣ, ಸದ್ದು ಸವೆದಿದ್ದರೂ, ಇಂದಿಗೂ ಕೇಳಲು ಸಿಗುತ್ತದೆ.